ಅಮಾಸೆ ದಿನದ ಗೆರೆ

ಪಾಂಡವಪುರದಾಚೆ, ಶಾಲೆಯ ಉಗ್ರಾಣದಲ್ಲಿ
ಮುರಿದ ಬೆಂಚು, ಅಕ್ಕಿ ಮೂಟೆ ಸರಿಸಿ
ಬಂಡೆ ಸಿಗುವ ತನಕ ಅಗೆದು ಕೂರಿಸಿದೆವು
ಹಾಲಿನ ಕ್ಯಾನಿನಷ್ಟು ಗಾತ್ರದ ಕಂಪನಮಾಪಕ.
ಬೀಗದ ಕೈ ಬಿಸಿಯೂಟದ ದ್ಯಾವಮ್ಮನ ಸೆರಗಿನಲ್ಲಿ.
"ಏನ್ ಕೇಳುಸ್ಕತದವ್ವಾ ಇದು?"
ಎಲ್ಲಾ, ಅಂದೆ.

ಎಲ್ಲವೂ ಬರುತ್ತಿತ್ತು ಮೈಸೂರಿನ ನನ್ನ ಪರದೆಗೆ:
ಕಬ್ಬಿನ ಟ್ರಾಕ್ಟರು, ಡ್ರಿಲ್ ಪಿರಿಯಡ್ಡಿನ ನೂರು ಕಾಲು,
ಎಲ್ಲೋ ಕಲ್ಲು ಸಿಡಿಸಿದ್ದು,
ಮತ್ತೆ ನಸುಕು ನಾಲ್ಕೂ ಹತ್ತಕ್ಕೆ ಶುರುವಾಗಿ
ಸಂಜೆ ತನಕ ಬಿಡದ ಒಂದು ಗೊರಗೊರ.
ಎರಡು ವಾರ ತಲೆ ಕೆಡಿಸಿಕೊಂಡೆ.
ನೆಲದೊಳಗಿನ ಬಿರುಕೇ? ನಾಲೆಗೆ ಬಿಟ್ಟ ನೀರೇ?
ದ್ಯಾವಮ್ಮ ಫೋನಿನಲ್ಲೇ ನಕ್ಕಳು:
"ಮರಿನಂಜನ ಆಲೆಮನೆ ಇಂಜಿನ್ನು ಕಣವ್ವ.
ಅಮಾಸೆ ದಿವ್ಸ ನೋಡು, ಬಾಯ್ ಮುಚ್ಕಂಡಿರ್ತದೆ."

ಅಮಾಸೆ ಬಂತು, ಭಾನುವಾರವೂ ಕೂಡಿ.
ಗಾಣ ನಿಂತಿತ್ತು. ಗೆರೆ ಸಪಾಟಾಗಬೇಕಿತ್ತು,
ಆಗಲಿಲ್ಲ.
ಆರು ಸೆಕೆಂಡಿಗೊಮ್ಮೆ ಉಬ್ಬಿ, ಇಳಿದು,
ಮತ್ತೆ ಉಬ್ಬಿ.
ಕಡಲು.
ಘಟ್ಟದಾಚೆಯ ಅಲೆಗಳು ಬಂಡೆಯೊಳಗೇ ನಡೆದು
ರಾಗಿ ಹೊಲದಡಿ, ನಾಲೆಯಡಿ ಹಾದು
ಅಕ್ಕಿ ಮೂಟೆಯ ಪಕ್ಕಕ್ಕೆ ಬಂದಿದ್ದವು.
ದಿನಾ ಬರುತ್ತಿದ್ದವು, ಬೆಲ್ಲದ ಗದ್ದಲದ ಕೆಳಗೆ.

ಅವಳಿಗೆ ಹೇಳಿದೆ. ನಂಬಲಿಲ್ಲ.
ಕಡಲು ಕಂಡವಳಲ್ಲ; ಕಂಡದ್ದು ಕಟ್ಟೆಯ ಹಿನ್ನೀರು,
ಒಮ್ಮೆ, ದಿಬ್ಬಣದ ಲಾರಿಯಿಂದ.
ಬೀಗ ತೆಗೆದ ಸದ್ದು. ಸ್ವಲ್ಪ ಹೊತ್ತು ಮಾತಿಲ್ಲ.
"ಚಪ್ಲಿ ಬುಟ್ಟು ನಿಂತಿವ್ನಿ. ಏನೂ ಗೊತ್ತಾಯ್ತಿಲ್ವಲ್ಲ."

ಅವಳು ನಿಂತದ್ದು ಮಾತ್ರ
ಇಲ್ಲಿ ಗೊತ್ತಾಯಿತು:
ಎರಡು ಸಣ್ಣ ಮೊನೆ, ಎಡಗಾಲು, ಬಲಗಾಲು,
ಅದರ ಸುತ್ತ ಕಡಲು.