ಬತ್ತಿ ಇಳಿಸುವವಳು

ಮೊದಲು ಮೇಣದಬತ್ತಿ ಇಳಿಯಬೇಕು, ಆಮೇಲೆ ಮನುಷ್ಯ.
ನಮ್ಮ ಮಾರಾನಿಯ ಕಟ್ಟಳೆ ಇದೊಂದೇ.
ಕುತ್ತಿಗೆತನಕ ನೆಲದಲ್ಲಿ ಹೂತ ಕ್ವೆವ್ರಿ,
ಆಳೆತ್ತರಕ್ಕಿಂತ ಒಂದು ಮೊಳ ಹೆಚ್ಚು,
ಬಸುರಿ ಹೊಟ್ಟೆಯ ಮಣ್ಣಿನ ಹಂಡೆ.
ತಳ ಉಜ್ಜಲು ಯಾರಾದರೂ ಇಳಿಯಲೇಬೇಕು.

ಓತಿಯಾ ಮಾವ ಬತ್ತಿ ಇಳಿಸಲಿಲ್ಲ.
ಅವಸರ. ಮೋಡ ಕವಿದಿತ್ತು, ದ್ರಾಕ್ಷಿ ಬುಟ್ಟಿಗಳು ಬಂದಿದ್ದವು.
"ನಿನ್ನೆ ತಾನೆ ನೋಡಿದ್ದೆ" ಎಂದ.
ಪಕ್ಕದ ಹಂಡೆಯಲ್ಲಿ ರಸ ಆಗಲೇ ಉಕ್ಕುತ್ತಿತ್ತು.
ಅದು ಬಿಟ್ಟ ಉಸಿರು ಗಾಳಿಗಿಂತ ಭಾರ;
ನೆಲದ ಮೇಲೆ ತೆವಳಿ ಬಂದು
ಖಾಲಿ ಹಂಡೆಯನ್ನು ತುಂಬಿತ್ತು
ನೀರಿನ ಹಾಗೆ, ಕಾಣದ ಹಾಗೆ.

ಈಗ ನಾನು ತೆಲಾವಿಯ ಶಾಲೆಯಲ್ಲಿ ಪಾಠ ಹೇಳುವವಳು.
ಯೀಸ್ಟೂ ಮಾವನ ಜೀವಕೋಶವೂ
ಮೊದಲ ಕೆಲಸ ಒಂದೇ ಥರ ಮಾಡುತ್ತವೆ:
ಸಕ್ಕರೆಯನ್ನು ನಡುವಿಗೆ ಮುರಿಯುತ್ತವೆ,
ಕೈಗೆ ಎರಡು ಕಾಸು.
ಅಲ್ಲಿಂದ ದಾರಿ ಬೇರೆ.
ಗಾಳಿಯಿದ್ದರೆ ಒಳಮನೆಯ ಒಲೆ, ಸಣ್ಣ ಉರಿ,
ಚೂರೂ ಉಳಿಯದ ತನಕ; ಮೂವತ್ತು ಕಾಸು, ಹೆಚ್ಚುಕಡಿಮೆ.
ಇಲ್ಲವೋ, ಎರಡೇ.
ಆ ಎರಡರಲ್ಲೇ ಯೀಸ್ಟಿನ ಸಂಸಾರ ಸಾಗುತ್ತದೆ,
ಅದಕ್ಕೇ ಅಷ್ಟೊಂದು ಸಿಹಿ ತಿಂದು ಮುಗಿಸುತ್ತದೆ.

ಬೆಸಿಕ್ ಕೇಳಿದ, ಕೊನೆಯ ಬೆಂಚಿನವನು:
"ನಮಗೂ ಆ ಎರಡು ಕಾಸು ಬರುತ್ತಲ್ಲ ಟೀಚರ್,
ಅದರಲ್ಲೇ ಯಾಕೆ ಬದುಕಬಾರದು?"
ಓಡುವಾಗ ಬದುಕುತ್ತೇವೆ, ಎಂದೆ,
ತೊಡೆ ಉರಿಯುವಷ್ಟು ಹೊತ್ತು.
ಆದರೆ ಮಿದುಳು ದೊಡ್ಡ ಖರ್ಚಿನ ಮನೆ.
ಕೆಲವೇ ನಿಮಿಷ, ಎಂದೆ.
ಮುಂದೆ ಹೇಳಲಿಲ್ಲ. ಕೈಯ ಸೀಮೆಸುಣ್ಣ ಒರೆಸಿಕೊಂಡೆ.

ವಸಂತಕ್ಕೆ ಮುಚ್ಚಳದ ಮಣ್ಣು ಕೆತ್ತಿ ಆ ಹಂಡೆ ತೆರೆಯುತ್ತೇವೆ.
ಲಾಮಾರಾ ಅತ್ತೆ ರೊಟ್ಟಿಯ ಮೇಲೆ ತುಸು ಸುರಿಯುತ್ತಾಳೆ,
ಅದು ಅವನಿಗೆ. ಉಳಿದದ್ದು ನಮಗೆ.
ಯೀಸ್ಟು ಸುಡಲಾರದೆ ಅರ್ಧಕ್ಕೆ ಬಿಟ್ಟದ್ದು ಈ ಅಮಲು,
ಆರಿದ ಒಲೆಯ ಕೊಳ್ಳಿ.
ಕುಡಿದವರ ಮೈಯಲ್ಲಿ ರಾತ್ರಿಯಿಡೀ
ಅದು ಮತ್ತೆ ಹೊತ್ತಿಕೊಳ್ಳುತ್ತದೆ, ನಮ್ಮ ಉಸಿರು ತಾಗಿ;
ನೀರಾಗುತ್ತದೆ, ಹೊರಬಿಡುವ ಉಸಿರಾಗುತ್ತದೆ.
ಮಾವ ಇಳಿದ ಹಂಡೆಯ ಲೆಕ್ಕ
ಇಷ್ಟಾದರೂ ಚುಕ್ತಾ.

ಸುಗ್ಗಿಗೆ ಮುಂಚೆ ನಾನೇ ಹಗ್ಗ ಹಿಡಿಯುತ್ತೇನೆ.
ಬತ್ತಿ ಇಳಿಯುತ್ತದೆ, ಭುಜದಷ್ಟು, ಸೊಂಟದಷ್ಟು,
ಮೊಣಕಾಲಿನ ಹತ್ತಿರ ಒಮ್ಮೆ ತಡವರಿಸುತ್ತದೆ.
ಬೆಸಿಕ್ ಆಗಲೇ ಅಂಗಿ ಬಿಚ್ಚಿ, ಪೊರಕೆ ಹಿಡಿದು ನಿಂತಿದ್ದಾನೆ.
"ಇರು" ಎನ್ನುತ್ತೇನೆ.
"ಇನ್ನೂ ಸ್ವಲ್ಪ ಇರು."