ಒಂದು ಹಿಡಿ ಗೂಡು

ಹುಳಕ್ಕೆ ನಾಲ್ಕನೇ ಜ್ವರ ಬಿಟ್ಟ ರಾತ್ರಿ
ಮನೆಯೊಳಗೇ ಮಳೆ;
ಸೊಪ್ಪು ಕಡಿಯುವ ಸದ್ದು.
ಎದೆಗೆ ಬಿದ್ದ ಮಗು ಚೀಪುವುದೂ
ಅದರಲ್ಲೇ ಕಲೆತು ಹೋಗಿದೆ.

ಇಬ್ಬರಿಗೂ ನಿದ್ದೆಯಿಲ್ಲ.
ಚೌರಪ್ಪನ ಬೆರಳಿಗೆ ಹಿಪ್ಪುನೇರಳೆಯ ಹಾಲಿನಂಟು,
ನನ್ನ ಕುಪ್ಪಸ ನನ್ನದೇ ಹಾಲಿಗೆ ಒದ್ದೆ.
"ನಿನಗೆ ಒಂದೇ," ನಗುತ್ತಾನೆ,
"ನನಗೆ ನಲವತ್ತು ಸಾವಿರ."

ಗೂಡೆಲ್ಲ ಮಳವಳ್ಳಿ ಬಸ್ಸು ಹತ್ತಿತು.
ಮುಂದಿನದು ಕುದಿವ ನೀರು, ಗೊತ್ತು.
ಆ ದುಡ್ಡಲ್ಲೇ ಕೊಂಡದ್ದು
ಮಗುವಿನ ಜ್ಞಾನಸ್ನಾನಕ್ಕೆ ಬಿಳಿ ಅಂಗಿ.
ಮಡಿಸುವಾಗ ಕೈ ಒಂದು ಗಳಿಗೆ ನಿಂತಿತು.

ಅತ್ತೆ ಮಾತ್ರ ಸೆರಗಲ್ಲಿ
ಒಂದು ಹಿಡಿ ಉಳಿಸಿಕೊಂಡಿದ್ದಳು.
"ಗುರುಗಳಿಗಾ?" ಅಂದೆ.
"ಹುಳಕ್ಕೇ. ಹುಟ್ಟಿಸ್ದೋನ್ಗೆ ಒಸಿ ಬಾಕಿ ಅದೆ ಕನವ್ವ."

ಎಂಟನೇ ದಿನ ಹೊರಬಂದವು,
ಒದ್ದೆ ಒದ್ದೆ, ಹಾರಲು ಬಾರದವು.
ಉಣ್ಣಲು ಬಾಯಿಲ್ಲ ಅವಕ್ಕೆ.
ಕೂಡುತ್ತವೆ, ಇಡುತ್ತವೆ, ಮುಗಿಯುತ್ತವೆ.
ಲೂರ್ದಮ್ಮ, ನನ್ನತ್ತೆ, ಐದು ಹೆತ್ತವಳು,
ಕಣ್ಣು ಕೀಳದೆ ಕೂತಿದ್ದಳು.

ಕಾಗದ ಸಿಗದೆ
ಚರ್ಚಿನ ಕ್ಯಾಲೆಂಡರನ್ನೇ ಹಾಸಿದ್ದಳು.
ಕೆಂಪು ಭಾನುವಾರದ ಸುತ್ತ
ಗಸಗಸೆಯಷ್ಟು ಮೊಟ್ಟೆ.

ಮತ್ತೆ ಮೊಳೆಗೆ ತೂಗಿದ್ದಾಳೆ.
ಹಾಳೆ ಮಗುಚಲು ಯಾರನ್ನೂ ಬಿಡುವುದಿಲ್ಲ.
ನಮ್ಮ ಮನೆಯಲ್ಲಿನ್ನೂ
ಅದೇ ತಿಂಗಳು.