ಕೊಂಡಿ

ಬಾಗಲಕೋಟೆಯ ಹಳೆ ಊರಿನ ಅಂಚಿಗೆ, ಘಟಪ್ರಭೆಯ ಹಿನ್ನೀರಿಗೆ
ಕಾಲು ಚಾಚಿ ಕೂತ ಹತ್ತಿಯ ಜಿನ್ನಿಂಗ್ ಮಿಲ್ಲು.
ಮೂವತ್ತು ವರ್ಷದಿಂದ ಹೊಗೆ ಕಾಣದ ಚಿಮಣಿ,
ಅದರ ಬಾಯೊಳಗೆ ಪಾರಿವಾಳದ ಸಂಸಾರ.
ಇಲ್ಲಿಗೆ ಗಾಜು ಬರಬೇಕು, ಉಕ್ಕು ಬರಬೇಕು,
ಓದುವ ಮಕ್ಕಳು ಬರಬೇಕು.
ಇಷ್ಟು ನನ್ನ ನಕ್ಷೆಯಲ್ಲಿದೆ.

ನಕ್ಷೆಯಲ್ಲಿ ಇಲ್ಲದ್ದು
ಗೋಡೆಯ ಮೇಲೆ ಎದೆಯೆತ್ತರದ ಕಂದು ಗೆರೆ,
ನೀರು ಬಂದು, ನಿಂತು, ಹೋದ ಗುರುತು.
ಪಕ್ಕದಲ್ಲಿ ಯಾರೋ ಮೊಳೆಯಿಂದ ಗೀಚಿದ್ದಾರೆ:
"ಇಲ್ಲೀತನಕ." ಅಷ್ಟೇ. ತಾರೀಖಿಲ್ಲ.
ಬಣ್ಣ ಬಳಿದುಬಿಡೋಣ ಎಂದ ಗುತ್ತಿಗೆದಾರ ಮಲಘಾಣ.
ಅವನಿಗೆ ಗೋಡೆಯೆಂದರೆ ಚದರಡಿ.

ದಾವಲಸಾಬ ಮಾತ್ರ ಗಾರೆಯ ಗುಂಡಿಗೆ ಕೈಯಿಟ್ಟು
ಬೆಲ್ಲದ ನೀರು ಹೆಚ್ಚಾಯಿತೆಂದು ಗುರುಸಂಗವ್ವನನ್ನು ಬೈಯುತ್ತಿದ್ದ.
ಇಟ್ಟಿಗೆಯನ್ನು ಬೆರಳಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು,
"ಇನ್ನೂ ಹುಷಾರೈತ್ರಿ ಇದು. ಸಿಮೆಂಟ್ ತಾಕಿಸಬ್ಯಾಡ್ರಿ.
ಸುಣ್ಣದ ಮೈಗೆ ಸಿಮೆಂಟ್ ಅಂದ್ರ
ಮುದುಕಗ ಬಿಗಿ ಅಂಗಿ ತೊಡಿಸಿಧಾಂಗ."

ಹಾಗಾದರೆ ಉಕ್ಕಿನ ಕಂಬ, ಈ ಗೋಡೆ,
ಎರಡೂ ಸೇರುವುದೆಲ್ಲಿ?
ಮೂರು ರಾತ್ರಿ ಅದೇ ಗೆರೆ ಎಳೆದೆ, ಅಳಿಸಿದೆ.
ಬೆಸುಗೆ ಕಾಣಬಾರದೆಂದು ಕಲಿಸಿದ್ದರು ಕಾಲೇಜಿನಲ್ಲಿ.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ
ಗುರುಸಂಗವ್ವನ ಸೆರಗು ನನ್ನ ಮಡಿಲಿಗೆ ಬಿತ್ತು.
ಇಳಕಲ್ಲಿನದು. ಮೈ ಹತ್ತಿ, ಸೆರಗು ರೇಷ್ಮೆ.
ನಡುವಿನ ಗಡಿಯನ್ನು ಉಗುರಿನಿಂದ ಮುಟ್ಟಿ ನೋಡಿದೆ.
"ಹೊಲದದ್ದಲ್ರಿ ಮೇಡಮ್ಮಾರ, ಕೊಂಡಿ ಹಾಕಿದ್ದು.
ಎಳಿಗೊಂದು ಎಳಿ ಸಿಗಿಸಿ
ಸಾವಿರಗಟ್ಲೆ ಹಾಕಾಕಿ ನಮ್ಮವ್ವ.
ಹತ್ತಿ ಹತ್ತೀನ ಉಳೀತೈತಿ, ರೇಷ್ಮಿ ರೇಷ್ಮೀನ."
ಇಷ್ಟು ಹೇಳಿ ಉಳ್ಳಾಗಡ್ಡಿ ಗುದ್ದಿದಳು.

ಈಗ ಗೋಡೆಗೂ ಗಾಜಿಗೂ ನಡುವೆ ನಾಲ್ಕು ಬೆರಳ ಸಂದು,
ಸಂದಿನುದ್ದಕ್ಕೂ ಹಿತ್ತಾಳೆಯ ಕೊಂಡಿಗಳು.
ಬಚ್ಚಿಟ್ಟಿಲ್ಲ. ಕಂದು ಗೆರೆಯೂ ಇದ್ದಲ್ಲೇ ಇದೆ;
ಹೊಸ ನೆಲವನ್ನು ಅದಕ್ಕಿಂತ ಒಂದು ಮೊಳ ಎತ್ತಿದ್ದೇವೆ.
ನದಿ ಮತ್ತೆ ಬಂದರೆ ಕೆಳಗಿಂದ ಹಾಯ್ದು ಹೋಗಲಿ,
ಅದಕ್ಕೂ ಇಲ್ಲಿ ಹಳೇ ಸಲುಗೆ.

ಕೊನೆಯ ಗಾಜು ಕೂರಿಸುವ ದಿನ
ಡ್ರಿಲ್ಲು ಕೊರೆಯುತ್ತಲೇ ತೊಲೆಗಳ ಮೇಲಿಂದ ಅರಳೆ ಉದುರಿತು,
ಯಾವ ಸುಗ್ಗಿಯದೋ, ಯಾರ ಕೆಮ್ಮಿನದೋ.
ಒಂದು ಎಸಳು
ಹೊರಗಿನ ಗಾಜಿಗೂ ಒಳಗಿನ ಗಾಜಿಗೂ ನಡುವೆ ಸಿಕ್ಕು
ಅಲ್ಲೇ ಮುಚ್ಚಿಹೋಯಿತು.
"ದೋಷ" ಎಂದು ಬರೆದುಕೊಂಡ ಮಲಘಾಣ, "ಬದಲಿಸಬೇಕು."
ಅವನ ಕೈಯಿಂದ ಪುಸ್ತಕ ತೆಗೆದುಕೊಂಡು
ಕೆಳಗೆ ಬರೆದೆ: ಇರಲಿ.
ಸಹಿ ಹಾಕಿದೆ.